ಅಟ್ಟದಿಂದ ಸಂಗ್ರಹಾಲಯಕ್ಕೆ: ಅಪ್ಪಯ್ಯನ ಉಯಿಲಿನ ಹಿಂದೆ ಇಪ್ಪತ್ತಾರು ತಿಂಗಳು

2025ರ ಆಗಸ್ಟ್ ತಿಂಗಳ ಮೂರನೆಯ ವಾರ ನಮ್ಮ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಎರಡು ಪುಟಗಳ ಪತ್ರವೊಂದು ಬಂದಿತು. ಅದರಲ್ಲಿ ನಮ್ಮ ಮನೆತನದ 41 ವಸ್ತುಗಳ ಪಟ್ಟಿಯಿತ್ತು, ಪ್ರತಿಯೊಂದರ ಮುಂದೆ ಸಂಗ್ರಹಾಲಯದ ದಾಖಲೆ ಪುಸ್ತಕದ ಒಂದು ಸಂಖ್ಯೆಯಿತ್ತು, ಕೊನೆಯಲ್ಲಿ ಅಲ್ಲಿಯ ವಸ್ತುಗಳ ಉಸ್ತುವಾರಿ ನೋಡುವ ಕ್ಯುರೇಟರ್ ಅವರ ಸಹಿಯಿತ್ತು. ಅಪ್ಪಯ್ಯ ತೀರಿಕೊಂಡು ಅಂದಿಗೆ ಇಪ್ಪತ್ತಾರು ತಿಂಗಳಾಗಿದ್ದವು. ತಮ್ಮ ಉಯಿಲಿನಲ್ಲಿ ಅವರು ನಾಲ್ಕೇ ಸಾಲಿನಲ್ಲಿ ಬರೆದು ಮುಗಿಸಿದ್ದ ಕೆಲಸ ಇಷ್ಟು ಕಾಲ ಹಿಡಿಯುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ. ಮನೆಯ ಹಳೆಯ ವಸ್ತುಗಳನ್ನು ಸಂಗ್ರಹಾಲಯಕ್ಕೆ ಬರೆದಿಡಬೇಕೆಂದು ಯೋಚಿಸುತ್ತಿರುವವರಿಗೂ, ಹಾಗೆ ಬರೆದಿಟ್ಟು ಹೋದವರ ಮಕ್ಕಳಿಗೂ ಸ್ವಲ್ಪವಾದರೂ ಅಲೆದಾಟ ತಪ್ಪಲಿ ಎಂಬ ಕಾರಣಕ್ಕೆ ನಡೆದದ್ದನ್ನು ನಡೆದಂತೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಹಳ್ಳಿ. ಅಜ್ಜ ಆ ಊರಿನ ಶಾನುಭೋಗರಾಗಿದ್ದರು. ಅವರ ಅಪ್ಪ, ಅಜ್ಜ ಕೂಡ ಅದೇ ಕೆಲಸದಲ್ಲಿದ್ದವರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ ಮುಗಿಯಿತು. ಸರಕಾರಿ ಲೆಕ್ಕದ ಪುಸ್ತಕಗಳು ತಾಲ್ಲೂಕು ಕಚೇರಿಗೆ ಹೋದವು, ಉಳಿದದ್ದು ಅಟ್ಟ ಸೇರಿತು. ಹಾಗೆ ಅಟ್ಟ ಸೇರಿದವುಗಳಲ್ಲಿ ತಾಳೆಗರಿಯ ಕಟ್ಟುಗಳು, ಹಿತ್ತಾಳೆಯ ಸೇರು ಪಾವುಗಳು, ಮರದ ಕೊಳಗ, ಮಸಿಕುಡಿಕೆಗಳು, ಇಸ್ಪೀಟಿನಂಥ ಹಳೆಯ ಎಲೆಯಾಟವಾದ ಗಂಜೀಫಾದ ಒಂದು ಪೆಟ್ಟಿಗೆ ಮತ್ತು ಒಂಬತ್ತು ಕಡತಗಳು ಇದ್ದವು. ಕಡತ ಎಂದರೆ ಈಗ ಎಲ್ಲರಿಗೂ ಕಚೇರಿಯ ಫೈಲು ನೆನಪಾಗುತ್ತದೆ. ಮೂಲದಲ್ಲಿ ಅದು ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಹಲಗೆಯಷ್ಟು ಗಟ್ಟಿ ಮಾಡಿ, ಹಿಂದೆ ಮುಂದೆ ಮಡಿಸಿಟ್ಟ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದ ಲೆಕ್ಕವನ್ನು ಒರೆಸಿ ಮತ್ತೆ ಬರೆಯುವ ಅನುಕೂಲವಿತ್ತು. ಈ ಅನುಕೂಲವೇ ನನ್ನನ್ನು ಮುಂದೆ ಹೇಗೆ ಅಳುವಂತೆ ಮಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಅಪ್ಪಯ್ಯ 2014ರಲ್ಲಿ ಉಯಿಲು ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ್ದರು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಇರಲೇಬೇಕು. ಆದರೂ ಅವರು ನೋಂದಾಯಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಅಪ್ಪಯ್ಯನಿಗಿಂತ ಮೊದಲೇ ತೀರಿಕೊಂಡಿದ್ದರು. ಮನೆ, ತೋಟ, ಬ್ಯಾಂಕಿನ ಠೇವಣಿ ಎಲ್ಲವನ್ನೂ ಸರ್ವೆ ನಂಬರು ಸಹಿತ ಅಚ್ಚುಕಟ್ಟಾಗಿ ಬರೆದಿದ್ದ ಅವರು ಹಳೆಯ ವಸ್ತುಗಳ ವಿಷಯದಲ್ಲಿ ಬರೆದದ್ದು ಇಷ್ಟು: ಅಟ್ಟದಲ್ಲಿರುವ ಪುರಾತನ ವಸ್ತುಗಳನ್ನೆಲ್ಲ ಇಂಥ ಸಂಗ್ರಹಾಲಯಕ್ಕೆ ಕೊಡತಕ್ಕದ್ದು, ಅವನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಒಟ್ಟಾಗಿ ಇಟ್ಟು, ನಮ್ಮ ತಂದೆಯವರ ಹೆಸರನ್ನು ಶಾಶ್ವತವಾಗಿ ಬರೆಯಿಸತಕ್ಕದ್ದು, ಈ ಕೆಲಸವನ್ನು ನನ್ನ ಮಗಳು ನೆರವೇರಿಸತಕ್ಕದ್ದು. ಆ ಮಗಳು ನಾನು.

2023ರ ಜೂನ್‌ನಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅಪ್ಪಯ್ಯ ಹೋದರು. ವೈಕುಂಠ ಸಮಾರಾಧನೆಯ ಮರುದಿನ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ ಉಯಿಲನ್ನು ಓದಿದೆವು. ಆ ನಾಲ್ಕು ಸಾಲು ಬಂದಾಗ ಎಲ್ಲರಿಗೂ ಹೆಮ್ಮೆಯೇ ಆಯಿತು. ಆಸ್ತಿಯ ಭಾಗಗಳಿಗೆ ಬಂದಾಗ ಮುಖಗಳು ಸ್ವಲ್ಪ ಬಿಗಿದುಕೊಂಡವೇ ಹೊರತು ಹಳೆಯ ಸಾಮಾನಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಕೊನೆಯಲ್ಲಿ ಆದದ್ದು ತಿರುವುಮುರುವು. ತೋಟದ ಖಾತೆ ಬದಲಾವಣೆ ಐದು ತಿಂಗಳಲ್ಲಿ ಮುಗಿದುಹೋಯಿತು.

ಮೊದಲ ತಿಂಗಳು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಯಿಲಿನ ದೃಢೀಕೃತ ನಕಲು ಇವುಗಳಲ್ಲಿ ಕಳೆಯಿತು. ಮರಣ ಪ್ರಮಾಣಪತ್ರದ ಹತ್ತು ಮೂಲಪ್ರತಿಗಳನ್ನು ಒಮ್ಮೆಗೇ ತೆಗೆದಿಡಿ. ನಾನು ನಾಲ್ಕು ತೆಗೆದು ಎರಡು ಸಲ ಮತ್ತೆ ಹೋದೆ. ಮುಂಬೈ, ಚೆನ್ನೈ, ಕೋಲ್ಕತ್ತಗಳಲ್ಲಿ ಬಹುಕಾಲ ಕಡ್ಡಾಯವಾಗಿದ್ದಂತೆ ನಮ್ಮ ಕಡೆ ಹಿಂದೂಗಳ ಉಯಿಲಿಗೆ ನ್ಯಾಯಾಲಯದ ಪ್ರೊಬೇಟ್, ಅಂದರೆ ಉಯಿಲು ನಿಜವೆಂಬ ದೃಢೀಕರಣ, ತರಬೇಕಾದ ಕಡ್ಡಾಯವಿಲ್ಲ ಎಂದು ವಕೀಲರು ಹೇಳಿದಾಗ ದೊಡ್ಡದೊಂದು ಭಾರ ಇಳಿದಂತಾಯಿತು.

ಆಗಸ್ಟ್‌ನಲ್ಲಿ ಸಂಗ್ರಹಾಲಯಕ್ಕೆ ಪತ್ರ ಬರೆದೆ. ಎರಡು ತಿಂಗಳು ಉತ್ತರವಿಲ್ಲ. ಫೋನು ಮಾಡಿದರೆ ಆ ವಿಭಾಗದವರು ರಜೆಯಲ್ಲಿದ್ದಾರೆ ಎನ್ನುವರು, ಇಲ್ಲವೇ ಪತ್ರ ಬಂದಿಲ್ಲ ಎನ್ನುವರು. ಅಕ್ಟೋಬರ್ ಕೊನೆಗೆ ನಾನೇ ಹೋದಾಗ ತಿಳಿದದ್ದೇನೆಂದರೆ, ಉಯಿಲಿನಲ್ಲಿ ಅಪ್ಪಯ್ಯ ಬರೆದದ್ದು ಜನ ಕರೆಯುವ ಹೆಸರು. ಕಟ್ಟಡಕ್ಕೆ ಆ ಹೆಸರಿದ್ದರೂ ವಸ್ತುಗಳನ್ನು ಕಾನೂನುಬದ್ಧವಾಗಿ ತೆಗೆದುಕೊಳ್ಳಬೇಕಾದದ್ದು ಅದನ್ನು ನಡೆಸುವ ಟ್ರಸ್ಟು, ಅದರ ಹೆಸರೇ ಬೇರೆ. ನನ್ನ ಪತ್ರ ಟ್ರಸ್ಟಿನ ಕಚೇರಿಗೂ ಸಂಗ್ರಹಾಲಯಕ್ಕೂ ನಡುವೆ ಓಡಾಡುತ್ತಿತ್ತು. ಇಂಥ ಹೆಸರಿನ ತಪ್ಪಿನಿಂದ ಉಯಿಲು ಬಿದ್ದುಹೋಗುವುದಿಲ್ಲ, ಉದ್ದೇಶ ಯಾರೆಂದು ಗೊತ್ತಾದರೆ ಸಾಕು. ಆದರೆ ಎರಡು ತಿಂಗಳು ಹೋಯಿತಲ್ಲ. ಬರೆಯುವಾಗಲೇ ಆ ಸಂಸ್ಥೆಯ ನೋಂದಾಯಿತ ಹೆಸರನ್ನು ಅವರ ರಸೀದಿಯ ಮೇಲಿಂದ ನೋಡಿ ಬರೆದುಕೊಂಡರೆ ಐದು ನಿಮಿಷದ ಕೆಲಸ.

ನವೆಂಬರಿನಲ್ಲಿ ಬಂದ ಅಧಿಕೃತ ಉತ್ತರ ಬಹಳ ಸೌಜನ್ಯದಿಂದ ಕೂಡಿತ್ತು. ಅದನ್ನು ಮೂರು ಸಲ ಓದಿದ ಮೇಲೆಯೇ ಅದು ನಿರಾಕರಣೆ ಎಂದು ನನಗೆ ಅರ್ಥವಾದದ್ದು. ವಸ್ತುಗಳ ಪಟ್ಟಿ ಮತ್ತು ಚಿತ್ರಗಳಿಲ್ಲದೆ ಯಾವುದನ್ನೂ ಪರಿಶೀಲಿಸಲಾಗದು. ಪಟ್ಟಿ ಬಂದರೂ ವರ್ಷಕ್ಕೆ ಎರಡು ಬಾರಿ ಸೇರುವ ಸಮಿತಿ ಆರಿಸಿದವನ್ನು ಮಾತ್ರ ತೆಗೆದುಕೊಳ್ಳಲಾಗುವುದು. ಪ್ರತ್ಯೇಕ ಕೋಣೆ, ಶಾಶ್ವತ ಪ್ರದರ್ಶನ ಎಂಬ ಷರತ್ತುಗಳಿರುವ ಯಾವ ದಾನವನ್ನೂ ಸಂಸ್ಥೆ ಸ್ವೀಕರಿಸುವುದಿಲ್ಲ. ಉಯಿಲಿನಲ್ಲಿ ಬರೆದುಬಿಟ್ಟರೆ ವಸ್ತು ತಾನಾಗಿ ಅವರದಾಗುತ್ತದೆ ಎಂದು ನಾನು ತಿಳಿದಿದ್ದೆ. ಹೆಣ್ಣು ಕೊಡುತ್ತೇವೆಂದು ನಾವೇ ಮಂಟಪ ಕಟ್ಟಿ ಕುಳಿತಂತಾಗಿತ್ತು; ಗಂಡಿನ ಕಡೆಯವರನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಯಾರೂ ಕೇಳಿರಲಿಲ್ಲ. ಅಪ್ಪಯ್ಯ ಬದುಕಿದ್ದಾಗ ಒಂದು ದಿನ ಬಸ್ಸು ಹತ್ತಿ ಹೋಗಿ ಕೇಳಿದ್ದರೆ ಅವರೇ ಆ ಸಾಲುಗಳನ್ನು ತಿದ್ದುತ್ತಿದ್ದರು, ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸುವ ಹಕ್ಕು ಬರೆದವರಿಗೆ ಕೊನೆಯವರೆಗೂ ಇರುತ್ತದೆ. ಅವರು ಹೋದ ಮೇಲೆ ಆ ಸಾಲುಗಳನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ.

ದಾರಿ ತೋರಿಸಿದವರು ವಕೀಲರು. ಉಯಿಲಿನ ಕೊನೆಯಲ್ಲಿ, ಮೇಲೆ ಹೇಳದೆ ಉಳಿದ ಸ್ವತ್ತೆಲ್ಲ ಮೂವರು ಮಕ್ಕಳಿಗೆ ಸಮನಾಗಿ ಸೇರತಕ್ಕದ್ದು ಎಂಬ ಒಂದು ವಾಕ್ಯವಿತ್ತು. ಸಂಗ್ರಹಾಲಯ ಆ ಷರತ್ತಿನ ದಾನವನ್ನು ಬರವಣಿಗೆಯಲ್ಲಿ ನಿರಾಕರಿಸಿದರೆ ವಸ್ತುಗಳು ಈ ಉಳಿಕೆಯ ಸ್ವತ್ತಿಗೆ ಸೇರುತ್ತವೆ, ಆಗ ನಾವು ಮೂವರು ಅವುಗಳ ಮಾಲೀಕರಾಗುತ್ತೇವೆ, ಮಾಲೀಕರಾದ ನಾವು ಷರತ್ತಿಲ್ಲದೆ ನಮ್ಮ ಕೈಯಾರೆ ಅದೇ ಸಂಗ್ರಹಾಲಯಕ್ಕೆ ಕೊಡಬಹುದು. ಅಂದರೆ ಉಯಿಲು ಸೋತರೆ ಅಪ್ಪಯ್ಯನ ಇಚ್ಛೆ ಗೆಲ್ಲುತ್ತದೆ. ಇದನ್ನು ಅಣ್ಣನಿಗೆ ನ್ಯೂಜೆರ್ಸಿಗೆ ಫೋನು ಮಾಡಿ ವಿವರಿಸಲು ಒಂದು ಗಂಟೆ ಹಿಡಿಯಿತು. ಅವನಿಗೆ ಹಿಡಿಸಲಿಲ್ಲ, ಅಪ್ಪಯ್ಯ ಬರೆದದ್ದನ್ನು ಮೀರುವುದು ಸರಿಯಲ್ಲ ಎಂದ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯವನ್ನು ಬಾಲ್ಯದಲ್ಲಿ ಇಬ್ಬರೂ ಒಟ್ಟಿಗೆ ನೋಡಿದ್ದೆವು, ಅದನ್ನು ನೆನಪಿಸಿದೆ. ಅಲ್ಲಿಯ ವಸ್ತುಗಳ ಬಹುಪಾಲನ್ನು ಕೂಡಿಸಿದ ಮೂರನೆಯ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡಾಗ ಅವರಿಗೆ ಮದುವೆಯಾಗಿರಲಿಲ್ಲ, ಉಯಿಲನ್ನೂ ಬರೆದಿರಲಿಲ್ಲ. ಆದರೂ 1951ರ ಡಿಸೆಂಬರಿನಲ್ಲಿ ಆ ಸಂಗ್ರಹ ಜನರಿಗೆ ತೆರೆಯಿತು, ವಾರಸುದಾರರು ಒಪ್ಪಂದಕ್ಕೆ ಬಂದರು, 1961ರಲ್ಲಿ ಸಂಸತ್ತು ಅದಕ್ಕೊಂದು ಕಾಯ್ದೆಯನ್ನೇ ಮಾಡಿತು. ಬರೆದವರಿಲ್ಲದೆಯೂ ಉಳಿದವರು ಒಪ್ಪಿ ಕೊಟ್ಟದ್ದು ನಿಂತಿದೆಯಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಸರಿ, ಏನು ಮಾಡಬೇಕೋ ಮಾಡು ಎಂದ.

ಪಟ್ಟಿ ಮಾಡುವ ಕೆಲಸ ಆ ಡಿಸೆಂಬರಿನಲ್ಲಿ ಆರಂಭವಾಯಿತು. ಅಟ್ಟದಿಂದ ಇಳಿಸಿ, ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ, ಉದ್ದ ಅಗಲ ಅಳೆದು, ಚಿತ್ರ ತೆಗೆಸಿದೆವು. ಒಟ್ಟು 112 ವಸ್ತುಗಳಾದವು. ಮೂರನೆಯ ದಿನ, ನಾನು ಒಳಗೆ ಕಾಫಿ ಮಾಡುತ್ತಿದ್ದಾಗ, ಸಹಾಯಕ್ಕೆ ಬಂದಿದ್ದ ಹುಡುಗಿ ಒಂದು ಕಡತವನ್ನು ಬಿಚ್ಚಿ, ಧೂಳು ಕೂತಿದೆಯೆಂದು ಒದ್ದೆ ಬಟ್ಟೆಯಿಂದ ಒಂದು ಮಡಿಕೆಯನ್ನು ಚೊಕ್ಕಟವಾಗಿ ಒರೆಸಿಬಿಟ್ಟಳು. ನಾನು ಬಂದು ನೋಡಿದಾಗ ಎಡ ಮಡಿಕೆಯಲ್ಲಿ ಅಜ್ಜನ ಅಪ್ಪನ ಕೂಡಿಸಿ ಬರೆದ ಮೋಡಿ ಅಕ್ಷರ ಮುತ್ತಿನಂತಿತ್ತು, ಬಲ ಮಡಿಕೆಯಲ್ಲಿಯೂ ಇತ್ತು, ನಡುವಿನದು ಮಾತ್ರ ಶಾಲೆಯ ಕಪ್ಪು ಹಲಗೆಯಂತೆ ಒದ್ದೆಯಾಗಿ ಹೊಳೆಯುತ್ತಿತ್ತು. ಅವಳ ಕೈಯ ಬಟ್ಟೆಗೆ ಬೂದುಬಣ್ಣ ಹತ್ತಿತ್ತು. ಯಾರದೋ ಗದ್ದೆಯ ಕಂದಾಯವೋ ಯಾವ ದೇವಸ್ಥಾನದ ಅಕ್ಕಿಯ ಲೆಕ್ಕವೋ, ನೂರು ವರ್ಷಕ್ಕೂ ಮಿಕ್ಕಿ ಉಳಿದದ್ದು ಒಂದು ನಿಮಿಷದಲ್ಲಿ ಹೋಯಿತು. ಅವಳನ್ನು ಬೈಯುವ ಹಾಗಿರಲಿಲ್ಲ, ಹೇಳಿರಬೇಕಾದವಳು ನಾನು. ಆ ರಾತ್ರಿ ಅಪ್ಪಯ್ಯನ ಚಿತ್ರದ ಮುಂದೆ ದೀಪ ಹಚ್ಚಲು ನನಗೆ ಮುಖವಿರಲಿಲ್ಲ. ದಯವಿಟ್ಟು ನೆನಪಿಡಿ: ಕೊಡುವ ಮೊದಲು ಯಾವುದನ್ನೂ ಶುಚಿ ಮಾಡಬೇಡಿ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು, ಮರಕ್ಕೆ ಎಣ್ಣೆ ಬಳಿಯುವುದು, ಹರಿದ ಗರಿಗೆ ಟೇಪು ಅಂಟಿಸುವುದು ಯಾವುದೂ ಬೇಡ. ಧೂಳಿನ ಸಮೇತ ಅವರಿಗೆ ತೋರಿಸಿ.

2024ರ ಫೆಬ್ರವರಿಯಲ್ಲಿ ಸಂಗ್ರಹಾಲಯದಿಂದ ಇಬ್ಬರು ಬಂದರು. ಒಬ್ಬರು ಕ್ಯುರೇಟರ್, ಇನ್ನೊಬ್ಬರು ಸಂರಕ್ಷಣೆಯವರು. ಅಪ್ಪಯ್ಯ ಬೆಲೆಬಾಳುವುದೆಂದು ಎಣಿಸಿದ್ದ ದೊಡ್ಡ ಕೊಪ್ಪರಿಗೆ, ಹಂಡೆ, ಆಳೆತ್ತರದ ದೀಪದ ಕಂಬ ಇವುಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅಂಥವು ಅವರ ಉಗ್ರಾಣದಲ್ಲಿ ಬೇಕಾದಷ್ಟು ಇದ್ದವಂತೆ. ಕಡತಗಳ ಮುಂದೆ ಮಾತ್ರ ಇಬ್ಬರೂ ನೆಲದ ಮೇಲೆ ಕುಳಿತುಬಿಟ್ಟರು. ಒರೆಸಿದ ಮಡಿಕೆಯ ಕಥೆಯನ್ನು ನಾನೇ ಹೇಳಿದೆ. ಸಂರಕ್ಷಣೆಯವರು ಬಟ್ಟೆಯನ್ನು ಇಟ್ಟುಕೊಂಡಿದ್ದೀರಾ ಎಂದು ಕೇಳಿದರು, ಬೇರೇನೂ ಹೇಳಲಿಲ್ಲ. ಗಂಜೀಫಾ ಪೆಟ್ಟಿಗೆಯಲ್ಲಿದ್ದದ್ದು ದಶಾವತಾರದ ಆಟ. ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ ಇರಬೇಕಾದಲ್ಲಿ 113 ಇದ್ದವು. ಏಳು ಎಲೆಗಳು ನಮ್ಮ ಬಾಲ್ಯದ ಬೇಸಿಗೆ ರಜೆಗಳಲ್ಲಿ ಕಳೆದುಹೋದವೆಂದು ನನಗೆ ಬಲವಾದ ಅನುಮಾನವಿದೆ. ಕೊನೆಗೆ ಅವರು ಆರಿಸಿದ್ದು 41 ವಸ್ತುಗಳನ್ನು: ಒಂಬತ್ತು ಕಡತ, ಹನ್ನೊಂದು ತಾಳೆಗರಿ ಕಟ್ಟು, ಹನ್ನೆರಡು ಅಳತೆಯ ಪಾತ್ರೆ, ಮಸಿಕುಡಿಕೆ ಮುದ್ರೆಗಳೆಲ್ಲ ಸೇರಿ ಏಳು, ಗಂಜೀಫಾ ಪೆಟ್ಟಿಗೆ, ಮತ್ತು ದೇವರ ಕೋಣೆಯಲ್ಲಿದ್ದ ಗೇಣುದ್ದದ ಕಂಚಿನ ವೇಣುಗೋಪಾಲ.

ಅವರು ನಮ್ಮಿಂದ ಹೆಚ್ಚು ಕೇಳಿದ್ದು ಆ ವಸ್ತುಗಳು ನಮ್ಮ ಮನೆಗೆ ಬಂದ ದಾರಿಯನ್ನು. ಯಾರು ಬರೆದದ್ದು, ಯಾರು ಕೊಂಡದ್ದು, ಎಂದಿನಿಂದ ಇಲ್ಲಿದೆ, ಅದಕ್ಕೆ ಏನು ಆಧಾರ? ಅಜ್ಜನ ಒಂದು ಹಳೆಯ ದಿನಚರಿಯಲ್ಲಿ ಗಂಜೀಫಾವನ್ನು ಮೈಸೂರಿನ ದಸರೆಗೆ ಹೋದಾಗ ತಂದ ಉಲ್ಲೇಖವಿತ್ತು. ಆ ಒಂದು ಸಾಲಿಗೆ ಕ್ಯುರೇಟರ್ ಎಷ್ಟು ಸಂತೋಷಪಟ್ಟರೆಂದರೆ, ದಿನಚರಿಯ ಆ ಪುಟವನ್ನೂ ಚಿತ್ರ ತೆಗೆದುಕೊಂಡು ದಾಖಲೆಗೆ ಸೇರಿಸಿದರು. ಅಜ್ಜನ ಹೆಸರಿನ ವಿಷಯವನ್ನು ನಾನು ಮತ್ತೆ ಎತ್ತಿದೆ. ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಮೇಡಂ, ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ತಂದುಕೊಟ್ಟವರು ಯಾರು ಗೊತ್ತೇ? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು, ಅಷ್ಟೇ. 1905ರಲ್ಲಿ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚಾಯಿತು, ಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು. ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಬರೆಯುವ ಮಾತು ಕೊಡಲಾರೆ. ದಾಖಲೆ ಪುಸ್ತಕದಲ್ಲಿ ಮಾತ್ರ ಖಂಡಿತ ಬರೆಯುತ್ತೇವೆ, ಅದು ಗೋಡೆಗಿಂತ ಹೆಚ್ಚು ಕಾಲ ಇರುತ್ತದೆ." ಷರತ್ತಿನ ಬದಲು ಇಂಥ ವಸ್ತುವನ್ನು ಎಲ್ಲಿಯಾದರೂ ಪ್ರದರ್ಶಿಸಿದಾಗ ದಾನಿಯ ಮನೆತನದ ಹೆಸರನ್ನು ಹಾಕಬೇಕೆಂಬ ಕೋರಿಕೆಯನ್ನು ಬರೆದುಕೊಡಿ ಎಂದರು, ಹಾಗೆಯೇ ಕೊಟ್ಟೆವು.

ಎರಡು ವಸ್ತುಗಳನ್ನು ಅವರು ಮುಟ್ಟಲೇ ಇಲ್ಲ. ಒಂದು ಜಗಲಿಯ ಗೋಡೆಯಲ್ಲಿದ್ದ ಜಿಂಕೆಯ ಕೊಂಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಒಡೆತನದ ಪ್ರಮಾಣಪತ್ರ ಬೇಕು. 2003ರಲ್ಲಿ ಘೋಷಿಸಿಕೊಳ್ಳಲು 180 ದಿನಗಳ ಅವಕಾಶ ಕೊಟ್ಟಿದ್ದಾಗ ಅಪ್ಪಯ್ಯ ಅರ್ಜಿ ಹಾಕಿದ ನಕಲು ಸಿಕ್ಕಿತು, ಪ್ರಮಾಣಪತ್ರ ಸಿಗಲಿಲ್ಲ. ಆ ನಕಲನ್ನು ಲಗತ್ತಿಸಿ ಅರಣ್ಯ ಇಲಾಖೆಗೆ ಬರೆದಿದ್ದೇನೆ, ಅದು ಇನ್ನೂ ನಡೆಯುತ್ತಿದೆ. ಇನ್ನೊಂದು ಆರು ತಾಮ್ರದ ನಾಣ್ಯಗಳ ಪೊಟ್ಟಣ. ಅದರ ಮೇಲೆ ಅಜ್ಜನೇ "ಕೆಳಗಿನ ಗದ್ದೆ ಹೂಡುವಾಗ ಸಿಕ್ಕಿದ್ದು, 1968" ಎಂದು ಬರೆದಿಟ್ಟಿದ್ದರು. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬ 1962ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಶಾನುಭೋಗರಾಗಿದ್ದ ಅಜ್ಜನಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಪತ್ರ ಬರೆದು ನಾಣ್ಯಗಳನ್ನು ಒಪ್ಪಿಸಿ ಸ್ವೀಕೃತಿ ಪಡೆದೆವು.

ಮಾರ್ಚಿನ ಸಮಿತಿ ನಮ್ಮ ಪಟ್ಟಿಯನ್ನು ಮುಂದಕ್ಕೆ ಹಾಕಿತು. ಕಾರಣ ಒಂದೇ ಪ್ರಶ್ನೆ: ಇವು ನಿಮ್ಮ ತಂದೆಯವರ ಸ್ವಂತದ್ದೇ? ಇಡೀ ಇಪ್ಪತ್ತಾರು ತಿಂಗಳಲ್ಲಿ ಅತಿ ಕಷ್ಟದ ಕಾಲ ಈ ಪ್ರಶ್ನೆಯಿಂದ ಶುರುವಾಯಿತು. ಅಜ್ಜ 1971ರಲ್ಲಿ ಉಯಿಲಿಲ್ಲದೆ ತೀರಿಕೊಂಡವರು. 1978ರ ಪಾಲುಪಟ್ಟಿಯಲ್ಲಿ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಜಮೀನು, ಮನೆ, ದನಕರು, ಬಂಗಾರ ಎಲ್ಲದರ ವಿಭಾಗವಿದೆ, ಅಟ್ಟದ ಸಾಮಾನಿನ ಮಾತೇ ಇಲ್ಲ. ಅಂದರೆ ಅವು ಪಾಲಾಗದೆ ಉಳಿದ ಕುಟುಂಬದ ಸ್ವತ್ತು. ಅಂಥದರಲ್ಲಿ ಅಪ್ಪಯ್ಯ ಉಯಿಲು ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಚಿಕ್ಕಪ್ಪನ ಪಾಲು ಅವರ ಮಕ್ಕಳದು. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಜ್ಜನ ಪಾಲಿನಲ್ಲಿ ಅವರ ಮಗಳಾದ ನಮ್ಮ ಅತ್ತೆಗೂ ಹಕ್ಕಿದೆ. ಐವತ್ತು ವರ್ಷ ಯಾರೂ ಕೇಳದಿದ್ದ ಹಕ್ಕನ್ನು ನಾನೇ ಮನೆಮನೆಗೆ ಹೋಗಿ ನೆನಪಿಸಿ, ಅದನ್ನು ಬಿಟ್ಟುಕೊಡಿ ಎಂದು ಕೇಳಬೇಕಾದ ಪರಿಸ್ಥಿತಿ ಬಂತು.

ಚಿಕ್ಕಪ್ಪನ ಮಗಳು ಮರುದಿನವೇ ಸಹಿ ಮಾಡಿದಳು. ಅವಳ ತಮ್ಮ, ಈ ಗಂಜೀಫಾಕ್ಕೆ ಈಗ ಎಷ್ಟು ಬೆಲೆ ಎಂದು ಅಂತರಜಾಲದಲ್ಲಿ ಹುಡುಕಿ, ನಾಲ್ಕು ತಿಂಗಳು ಯೋಚಿಸಿದ. ಅವನನ್ನು ನಾನು ದೂರುವುದಿಲ್ಲ, ಸಾಲದಲ್ಲಿರುವವನಿಗೆ ಅಟ್ಟದಲ್ಲಿ ಹಣವಿದೆಯೆಂದು ಹೇಳಿದವಳು ನಾನೇ ಅಲ್ಲವೇ? ಸಂಗ್ರಹಾಲಯ ಆರಿಸದೆ ಬಿಟ್ಟ ಕೊಪ್ಪರಿಗೆ, ಹಂಡೆಗಳನ್ನು ಅವನ ಮನೆಗೆ ಕಳಿಸಿದೆವು, ಆಮೇಲೆ ಒಪ್ಪಿದ. ಅತ್ತೆಗೆ ಆಗ ಎಂಬತ್ತೊಂದು ವರ್ಷ. ಅವರ ಮಾತು ಬೇರೆಯದೇ ಆಗಿತ್ತು. "ಕಡತ ಕೊಡು, ಪಾವು ಸೇರು ಕೊಡು, ನನಗೇನೂ ಬೇಡ. ಗೋಪಾಲನನ್ನು ಹೇಗೆ ಕೊಡ್ತೀಯೆ? ಅಲ್ಲಿ ಅವನಿಗೆ ನೀರು ಹಾಕುವವರು ಯಾರು?" ಈ ಪ್ರಶ್ನೆಗೆ ವಕೀಲರಲ್ಲಿ ಉತ್ತರವಿರಲಿಲ್ಲ. ಪುರೋಹಿತರು ಬಂದು, ಬಿಂಬದಲ್ಲಿರುವ ಕಲೆಯನ್ನು, ಅಂದರೆ ದೇವರ ಸಾನ್ನಿಧ್ಯವನ್ನು, ಕಲಶಕ್ಕೆ ಸೆಳೆದುಕೊಳ್ಳುವ ಕಲಾಕರ್ಷಣೆಯ ವಿಧಿಯಿದೆ, ಅದಾದ ಮೇಲೆ ಅದು ಲೋಹವಷ್ಟೇ, ಕಲೆಯನ್ನು ಸಾಲಿಗ್ರಾಮಕ್ಕೆ ಸೇರಿಸಿ ಪೂಜೆ ಮುಂದುವರಿಸಬಹುದು ಎಂದರು. ಜುಲೈನಲ್ಲಿ ಅದು ಮುಗಿದ ಸಂಜೆ ಅತ್ತೆ ಕನ್ನಡಕ ಹಾಕಿಕೊಂಡು, ಒಪ್ಪಿಗೆ ಪತ್ರದ ಪ್ರತಿಯೊಂದು ಸಾಲನ್ನೂ ಓದಿ, ಸಹಿ ಮಾಡಿದರು.

ಅಣ್ಣನದು ಇನ್ನೊಂದು ಬಗೆಯ ತೊಡಕು. ಅವನು ಬರಲಾಗದ ಕಾರಣ ನನ್ನ ಹೆಸರಿಗೆ ಅಧಿಕಾರಪತ್ರ ಮಾಡಿ, ಅಲ್ಲಿ ದೃಢೀಕರಿಸಿ, ಅಂಚೆಯಲ್ಲಿ ಕಳಿಸಿದ. ವಿದೇಶದಲ್ಲಿ ಸಹಿಯಾದ ಪತ್ರಕ್ಕೆ ಅದು ಭಾರತಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಹಾಕಿಸಬೇಕು. ಈ ನಿಯಮ ಗೊತ್ತಿಲ್ಲದೆ ನಾನು ಅದನ್ನು ಬೀರುವಿನಲ್ಲಿ ಇಟ್ಟು, ಚಿಕ್ಕಪ್ಪನ ಮಗನ ಒಪ್ಪಿಗೆಗಾಗಿ ಕಾಯುತ್ತ ಕುಳಿತಿದ್ದೆ. ವಕೀಲರ ಗುಮಾಸ್ತರು ನೋಡಿದಾಗ ಹನ್ನೊಂದು ದಿನ ಉಳಿದಿತ್ತು. ಲಕೋಟೆಯನ್ನು ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.

ಇದರ ನಡುವೆ ವೇಣುಗೋಪಾಲನ ನೋಂದಣಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ದಾಟಿದ್ದು ಪುರಾವಸ್ತು, ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಲೋಹದ ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಮುಂತಾದ ಕೆಲವು ಬಗೆಗಳನ್ನು ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಿರಬೇಕು, ಕೈ ಬದಲಾದಾಗ ತಿಳಿಸಬೇಕು. ನಮ್ಮ ತಾಳೆಗರಿಗಳಲ್ಲಿ ಚಿತ್ರವಿರಲಿಲ್ಲವಾದ್ದರಿಂದ ಅವು ಈ ಬಗೆಯಲ್ಲಿ ಬರಲಿಲ್ಲ. ಕಂಚಿನ ಮೂರ್ತಿ ಬಂತು. ಅದನ್ನು ನಮ್ಮಲ್ಲಿ ಯಾರೂ ಎಂದೂ ನೋಂದಾಯಿಸಿರಲಿಲ್ಲ; ದೇವರಿಗೆ ನೋಂದಣಿಯೇ ಎಂದು ಅಪ್ಪಯ್ಯ ನಕ್ಕಿರಬಹುದು. ಅರ್ಜಿ, ಮುಂದಿನ ಹಿಂದಿನ ಪಕ್ಕದ ಚಿತ್ರಗಳು, ಅಳತೆ, ಬಂದ ದಾರಿಯ ವಿವರ ಎಲ್ಲ ಕೊಟ್ಟು, ಪರಿಶೀಲನೆ ಮುಗಿದು ಪ್ರಮಾಣಪತ್ರ ಕೈಗೆ ಬರಲು 2024ರ ಸೆಪ್ಟೆಂಬರಿನಿಂದ 2025ರ ಫೆಬ್ರವರಿಯವರೆಗೆ ಹಿಡಿಯಿತು. ಚಿತ್ರಗಳ ಒಂದು ಬದಿಯಲ್ಲಿ ಅಳತೆಪಟ್ಟಿ ಇಟ್ಟಿರಲಿಲ್ಲವೆಂದು ಒಮ್ಮೆ ವಾಪಸು ಬಂತು, ಅದಕ್ಕೇ ಆರು ವಾರ. ಇದನ್ನು ಹಿರಿಯರು ಬದುಕಿರುವಾಗಲೇ ಮಾಡಿಸಿಬಿಡಿ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಶಾನುಭೋಗರ ಮೊಮ್ಮಗಳಾಗಿ ಅದನ್ನು ಬರೆದಿಡದೆ ಇರಲಾರೆ. ವಕೀಲರಿಗೆ 30,000 ರೂಪಾಯಿ, ಛಾಯಾಚಿತ್ರಕ್ಕೆ 8,000, ಪೆಟ್ಟಿಗೆ ಮತ್ತು ಆಮ್ಲರಹಿತ ಕಾಗದಕ್ಕೆ 6,500, ಟೆಂಪೋ ಸಾಗಣೆಗೆ 11,000, ಮುದ್ರಾಂಕ ನೋಟರಿ ನಕಲುಗಳಿಗೆ 4,200, ಓಡಾಟಕ್ಕೆ 14,300. ಒಟ್ಟು 74,000 ರೂಪಾಯಿ. ಕೊಡುವುದಕ್ಕೂ ಇಷ್ಟು ಖರ್ಚೇ ಎಂದು ಕೇಳದವರಿಲ್ಲ. ತೆರಿಗೆಯಲ್ಲಿ ಏನಾದರೂ ಉಳಿಯುತ್ತದೆಯೇ ಎಂದರೆ, ಇಲ್ಲ. ಅಮೆರಿಕದಲ್ಲಿ ಹೀಗೆ ಬರೆದಿಟ್ಟರೆ ಸತ್ತವರ ಆಸ್ತಿಯ ಮೇಲಿನ ತೆರಿಗೆಯಲ್ಲಿ ಕಡಿತವಿದೆ ಎಂದು ಅಣ್ಣ ಹೇಳುತ್ತಿದ್ದ. ನಮ್ಮಲ್ಲಿ ಆ ತೆರಿಗೆಯೇ 1985ರಲ್ಲಿ ರದ್ದಾಗಿದೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ ಇತ್ತು, ವಸ್ತುವಿಗಿರಲಿಲ್ಲ. ಕಡತಗಳ ಸಂರಕ್ಷಣೆಗೆಂದು ನಾವು ಮೂವರು ಸೇರಿ ಬೇರೆಯಾಗಿ ಕೊಟ್ಟ ಒಂದು ಲಕ್ಷ ರೂಪಾಯಿಗೆ ಟ್ರಸ್ಟಿನಿಂದ ಆ ವಿನಾಯಿತಿಗೆ ಬೇಕಾದ 10ಬಿಇ ನಮೂನೆಯ ಪ್ರಮಾಣಪತ್ರ ಬಂತು, ಅಷ್ಟೇ. ಬರೆದಿಡುವವರು ವಸ್ತುವಿನ ಜತೆಗೆ ಅದನ್ನು ನೋಡಿಕೊಳ್ಳಲು ಸ್ವಲ್ಪ ಹಣವನ್ನೂ ಬರೆದಿಟ್ಟರೆ ಸಮಿತಿಯ ಮುಖ ಸ್ವಲ್ಪ ಬೇಗ ಅರಳುತ್ತದೆ ಎಂಬುದು ನನ್ನ ಅನುಭವ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

2025ರ ಮಾರ್ಚಿನಲ್ಲಿ ಸಮಿತಿ ಒಪ್ಪಿತು. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಎರಡನೆಯ ವಾರ, ವಸ್ತುಗಳನ್ನು ಸಾಗಿಸಿದೆವು. ಚರ ವಸ್ತುವಿನ ದಾನಕ್ಕೆ ನೋಂದಾಯಿತ ಪತ್ರ ಬೇಕೇಬೇಕೆಂದಿಲ್ಲ, ಕೈಗೆ ಒಪ್ಪಿಸಿ ಅವರು ಸ್ವೀಕರಿಸಿದರೆ ಸಾಕು ಎಂದು ವಕೀಲರು ಹೇಳಿದ್ದರಿಂದ, ಮೂವರ ಪರವಾಗಿ ಒಂದು ಹಸ್ತಾಂತರ ಪತ್ರ ಬರೆದು, ಟ್ರಸ್ಟಿನ ಸ್ವೀಕಾರ ಪತ್ರವನ್ನು ಅದೇ ದಿನ ಪಡೆದೆವು. ಅಂದು ಕೈಗೆ ಬಂದದ್ದು ತಾತ್ಕಾಲಿಕ ರಸೀದಿ ಮಾತ್ರ. ಹುಳುಹುಪ್ಪಟೆ ಒಳಗೆ ಹೋಗದಂತೆ ಎಲ್ಲವನ್ನೂ ಕೆಲವು ವಾರ ಪ್ರತ್ಯೇಕವಾಗಿಟ್ಟು, ಒಂದೊಂದರ ಸ್ಥಿತಿ ವರದಿ ಬರೆದ ಮೇಲೆಯೇ ಶಾಶ್ವತ ಸಂಖ್ಯೆ ಕೊಡುತ್ತಾರೆ. ಆಗಸ್ಟಿನಲ್ಲಿ ಬಂದ ಪತ್ರದ ಜತೆ ಆ ವರದಿಗಳ ನಕಲೂ ಇದ್ದವು. ಮೂರನೆಯ ಕಡತದ ವರದಿಯಲ್ಲಿ, ಏಳನೆಯ ಮಡಿಕೆಯ ಬರಹ ಇತ್ತೀಚೆಗೆ ಒದ್ದೆ ಬಟ್ಟೆಯಿಂದ ಅಳಿಸಿದೆ, ಓರೆ ಬೆಳಕಿನಲ್ಲಿ ಬಳಪದ ಗೀರುಗಳು ಅಲ್ಲಲ್ಲಿ ಕಾಣುತ್ತವೆ ಎಂದಿತ್ತು. ಅಲ್ಲಲ್ಲಿ ಕಾಣುತ್ತವೆ ಎಂಬುದನ್ನು ಆ ಹುಡುಗಿಗೆ ಫೋನು ಮಾಡಿ ಓದಿ ಹೇಳಿದೆ.

41ರಲ್ಲಿ ಈಗ ಪ್ರದರ್ಶನದಲ್ಲಿರುವುದು ಮೂರು, ಉಳಿದವು ಉಗ್ರಾಣದಲ್ಲಿವೆ. ಆದರೆ ಸಂಖ್ಯೆಯನ್ನು ಬರೆದು ಮುಂಚಿತವಾಗಿ ಅರ್ಜಿ ಕೊಟ್ಟರೆ ನೋಡಲು ಬಿಡುತ್ತಾರೆ. ಕಳೆದ ತಿಂಗಳು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಉಗ್ರಾಣದ ಬಾಗಿಲಲ್ಲಿ ಅವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು. ಸಿಬ್ಬಂದಿಯ ಹುಡುಗ, "ಬೇಡ ಅಮ್ಮಾ, ನೆಲಕ್ಕೆ ಔಷಧಿ ಹೊಡೆದಿದ್ದಾರೆ, ಹಾಕ್ಕೊಳ್ಳಿ" ಎಂದ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು, ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು, ಒಳಗೆ ಹೋಗಿ ಕಪಾಟಿನ ಮೂರನೆಯ ಖಾನೆಯಲ್ಲಿ ಬಿಳಿ ಕಾಗದದ ಮೇಲೆ ನಿಂತಿದ್ದ ಗೋಪಾಲನನ್ನು ಬಹಳ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ, ಅವನ ಸಂಖ್ಯೆ ಎಷ್ಟೆಂದು ಕೇಳಿ, ತಮ್ಮ ಪುಟ್ಟ ಕೈಪುಸ್ತಕದಲ್ಲಿ ಬರೆದುಕೊಂಡರು.